ಬಿದ್ದ ಮೇಲಿನ ಪಟ್ಟು

ಹುಣಸೂರಿನ ಹೊರಗಿರುವ ನಮ್ಮ ಹೆಣ್ಣುಮಕ್ಕಳ ವಸತಿ ಶಾಲೆಯ ಮೈದಾನದಲ್ಲಿ ಅವತ್ತು ನಾನು ಎಂಟನೇ ತರಗತಿಯವರಿಗೆ ನಿಲ್ಲುವುದನ್ನು ಹೇಳಿಕೊಡುತ್ತಿದ್ದೆ. ನಿಲ್ಲುವುದೇನು ಮಹಾ ವಿದ್ಯೆ ಎನ್ನಬೇಡಿ. ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಸೊಂಟವನ್ನು ಸ್ವಲ್ಪ ಕೆಳಗಿಳಿಸಿ ನಿಂತವಳನ್ನು ತಳ್ಳಿ ಬೀಳಿಸುವುದು ಸುಲಭವಲ್ಲ. ನಾನು ಕುಸ್ತಿ ಆಡಿಕೊಂಡು ಬೆಳೆದವಳು. ಗುತ್ತಿಗೆಯ ಮೇಲೆ ದೈಹಿಕ ಶಿಕ್ಷಕಿಯಾಗಿ ಸೇರಿದ ಮೇಲೂ ನನ್ನ ಹತ್ತಿರ ಇದ್ದ ಸರಕು ಅದೇ. ಒಬ್ಬೊಬ್ಬಳನ್ನೇ ಹೆಗಲು ಹಿಡಿದು ತಳ್ಳಿ ನೋಡುತ್ತಾ ಬರುತ್ತಿದ್ದಾಗ ವೀರನಹೊಸಹಳ್ಳಿ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು. ಮಾತು ಕಡಿಮೆ, ಊಟಕ್ಕೆ ತಟ್ಟೆ ಹಿಡಿದು ನಿಂತಾಗಲೂ ಸಾಲಿನ ಕೊನೆಗೇ ಹೋಗುವವಳು.

"ಮಿಸ್, ಬಿದ್ದೋಗ್ಬುಟ್ರೆ?"

"ಬೀಳ್ಬಾರ್ದು ಅಂತಾನೇ ಅಲ್ವೇನೇ ಇಷ್ಟೊತ್ತಿಂದ ಬಡ್ಕೊಳ್ತಿರೋದು?"

"ಆದ್ರೂ ಬಿದ್ದೋಗ್ಬುಟ್ರೆ ಮಿಸ್? ಕೆಡವ್ದೋರು ಮ್ಯಾಲೆ ಬಂದ್ಬುಟ್ರೆ ಏನ್ ಮಾಡದು?"

ಉಳಿದವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ನಾನೂ ನಕ್ಕಂತೆ ಮಾಡಿ ಸೀಟಿ ಊದಿ ಪೀರಿಯಡ್ ಮುಗಿಸಿದೆ. ಆದರೆ ಸ್ಟಾಫ್ ರೂಮಿಗೆ ಬಂದು ಕೂತರೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ, ಏಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಕುಸ್ತಿಯಲ್ಲಿ ಬಿದ್ದ ಮೇಲೆ ಮಾಡುವುದು ಏನೂ ಇಲ್ಲ. ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್ ಆದೆವು ಎಂದು ಅರ್ಥ, ಆಟ ಅಲ್ಲಿಗೆ ಮುಗಿಯಿತು. ಗೆದ್ದವಳು ಕೈ ಕೊಟ್ಟು ಎಬ್ಬಿಸುತ್ತಾಳೆ, ಇಬ್ಬರೂ ಮನೆಗೆ ಹೋಗುತ್ತೇವೆ.

ಅದೇ ವಾರ ಹೆಡ್ ಮಿಸ್ ಕರೆದು ಹೇಳಿದರು. ಮುಂದಿನ ಟರ್ಮಿನಿಂದ ಆತ್ಮರಕ್ಷಣೆಗೆ ಬೇರೆಯೇ ಒಂದು ಪೀರಿಯಡ್ ಬರುತ್ತದೆ. ಜಿಯು-ಜಿಟ್ಸು ಎನ್ನುವ ಜಪಾನ್ ಮೂಲದ ಮಲ್ಲವಿದ್ಯೆ ಕಲಿತು, ಮೈಸೂರಿನಿಂದ ಬರುವವರ ಪರೀಕ್ಷೆಯಲ್ಲಿ ಪಾಸಾದವರು ಅದನ್ನು ತೆಗೆದುಕೊಳ್ಳಬೇಕು. "ನೀವು ಪಾಸಾದ್ರೆ ನಿಮ್ಗೇ. ಇಲ್ಲಾಂದ್ರೆ ಅವರ ಕಡೆಯವ್ರೇ ಬರ್ತಾರೆ. ಆಮೇಲೆ ನಿಮ್ಮ ಗುತ್ತಿಗೆ ಮುಂದುವರ್ಸಿ ಅಂತ ನಾನು ಹೇಗೆ ಕೇಳ್ಲಿ?" ಪಾಪ, ಅವರಿಗೂ ಬೇಜಾರಾಗಿತ್ತು. ನಾನು ಜಂಬದಿಂದಲೇ ಒಪ್ಪಿಕೊಂಡೆ. ಹಿಡಿದು ಕೆಡವುವ ವಿದ್ಯೆ ತಾನೆ, ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ ಅಂದುಕೊಂಡೆ.

ನನ್ನ ಕುಸ್ತಿ ಶುರುವಾದದ್ದು ಕೆ.ಆರ್. ನಗರದ ಕಡೆಯ ಭೇರ್ಯದಲ್ಲಿ, ನಮ್ಮ ಮನೆಯ ಹಿತ್ತಿಲಲ್ಲಿ. ಅಪ್ಪ ಊರಿನ ಗರಡಿಯ ಉಸ್ತಾದ್. ಗರಡಿಯೊಳಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ ಎಂದು ಹಿರಿಯರು ತಕರಾರು ತೆಗೆದಾಗ ಅಪ್ಪ ಜಗಳಕ್ಕೆ ಹೋಗಲಿಲ್ಲ. ದನದ ಕೊಟ್ಟಿಗೆಯ ಹಿಂದೆ ಅಗೆದು, ಕೆಮ್ಮಣ್ಣು ತುಂಬಿ, ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ನನಗಾಗಿಯೇ ಒಂದು ಮಟ್ಟಿ ಮಾಡಿಕೊಟ್ಟ. ಕುಸ್ತಿಯ ಅಂಕಣಕ್ಕೆ ನಮ್ಮ ಕಡೆ ಮಟ್ಟಿ ಎನ್ನುತ್ತಾರೆ. ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಅವನು ಕೂಗುತ್ತಿದ್ದದ್ದು ಒಂದೇ ಮಾತು: "ಬೆನ್ನು!" ಅಂದರೆ ಬೆನ್ನು ನೆಲಕ್ಕೆ ಕೊಡಬೇಡ ಎಂದು. ಆ ಕೂಗು ಕಿವಿಗೆ ಬಿದ್ದರೆ ನನ್ನ ಮೈ ನನ್ನನ್ನು ಕೇಳದೆಯೇ ತಿರುಗಿ ಬೋರಲು ಬೀಳುತ್ತಿತ್ತು. ಎಲ್ಲಾದರೂ ಪಂದ್ಯದಲ್ಲಿ ನಾನು ಚಿತ್ ಆದ ದಿನ ಅಪ್ಪ ಬಯ್ಯುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬೆನ್ನಿಗೆ ಅಂಟಿದ ಮಣ್ಣನ್ನು ಒಂದು ಚೂರೂ ಬಿಡದೆ ಒರೆಸುತ್ತಿದ್ದ. ಆಮೇಲೆಯೇ ಜನರ ನಡುವೆ ಕರೆದುಕೊಂಡು ಹೋಗುತ್ತಿದ್ದ. ಸೋತ ಗುರುತು ಮಗಳ ಮೈಮೇಲೆ ಯಾರಿಗೂ ಕಾಣಬಾರದು ಎನ್ನುವುದು ಅವನ ಪ್ರೀತಿ.

ಜಿಯು-ಜಿಟ್ಸು ಕ್ಲಾಸು ಇದ್ದದ್ದು ಹುಣಸೂರಿನಲ್ಲಿ, ಒಂದು ಹೊಗೆಸೊಪ್ಪಿನ ಗೋಡೌನಿನ ಮಹಡಿಯಲ್ಲಿ. ಕೆಳಗೆ ಸೊಪ್ಪು ಇಲ್ಲದ ಕಾಲದಲ್ಲೂ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ನೆಲಕ್ಕೆ ನೀಲಿ ಮ್ಯಾಟು. ಕೋಚು ಗೋಣಿಕೊಪ್ಪದ ಕಡೆಯ ಹುಡುಗಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು, ತೂಕದಲ್ಲಿ ನನ್ನ ಅರ್ಧ. ದಪ್ಪ ಬಟ್ಟೆಯ ಬಿಳಿ ಅಂಗಿ ತೊಡಿಸಿ, ಸೊಂಟಕ್ಕೆ ಬಿಳಿ ಪಟ್ಟಿ ಕಟ್ಟಿಸಿ, "ಅಕ್ಕ, ಬನ್ನಿ, ನಿಮಗೆ ಗೊತ್ತಿರೋದು ತೋರಿಸಿ" ಎಂದಳು. ತೋರಿಸಿದೆ. ಸೊಂಟಕ್ಕೆ ಕೈ ಹಾಕಿ ಎತ್ತಿ ಮ್ಯಾಟಿನ ಮೇಲೆ ಇಟ್ಟೆ. ಅಯ್ಯೋ, ಪೆಟ್ಟಾಯಿತೇನೋ ಎಂದು ಮರುಕವೂ ಆಯಿತು. ಅವಳು ಬಿದ್ದಲ್ಲಿಂದಲೇ ನಗುತ್ತಿದ್ದಳು. ಆಮೇಲೇನಾಯಿತೋ ಸರಿಯಾಗಿ ಹೇಳಲಾರೆ. ಅವಳ ಕಾಲು ನನ್ನ ಮೊಣಕಾಲಿಗೆ ಸಿಕ್ಕಿಕೊಂಡಿತು, ನಾನು ವಾಲಿದೆ, ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ ಒಳಗಿನಿಂದ ಅಪ್ಪ "ಬೆನ್ನು!" ಎಂದ ಹಾಗಾಯಿತು. ತಟ್ಟನೆ ತಿರುಗಿ ಬೋರಲು ಬಿದ್ದೆ. ಕುಸ್ತಿಯಲ್ಲಿ ಅದೇ ಕ್ಷೇಮ. ಅವಳು ಗುಬ್ಬಿಯ ಹಾಗೆ ನನ್ನ ಬೆನ್ನ ಮೇಲೆ ಬಂದು ಕೂತಳು. ಒಂದು ಕೈ ಗಲ್ಲದ ಕೆಳಗೆ ನುಗ್ಗಿತು. ನೋವೇನೂ ಇಲ್ಲ, ಸುತ್ತಲಿನ ಸದ್ದು ಮಾತ್ರ ದೂರ ಹೋಗತೊಡಗಿತು.

"ತಟ್ಟಿ ಅಕ್ಕ, ತಟ್ಟಿ!" ಎಂದಳು ಕಿವಿಯ ಹತ್ತಿರ.

ನೆಲಕ್ಕೆ ತಟ್ಟಿದೆ. ತಟ್ಟಿದ ಕೂಡಲೇ ಕೈ ಬಿಟ್ಟಳು. ಅದು ಅಲ್ಲಿನ ಮೊದಲ ನಿಯಮ, ಕೊನೆಯ ನಿಯಮವೂ ಅದೇ. ಎದುರಿನವಳು ತಟ್ಟಿದರೆ ಅರೆಕ್ಷಣವೂ ಹಿಡಿದಿರಬಾರದು. ಕತ್ತಿನ ಎರಡೂ ಬದಿಯಲ್ಲಿ ತಲೆಗೆ ರಕ್ತ ಹೋಗುವ ನಾಳಗಳಿವೆ, ಪಟ್ಟು ಒತ್ತುವುದು ಅವನ್ನು. ಗಂಟಲನ್ನಲ್ಲ. "ಸರಿಯಾಗಿ ಬಿದ್ರೆ ಆನೆಯಂಥವರೂ ಮಲಗ್ತಾರೆ. ಅದಕ್ಕೇ ಇದನ್ನ ಸಿಟ್ಟಿರೋರಿಗೆ ಹೇಳ್ಕೊಡಲ್ಲ ನಾನು" ಎಂದು ನನ್ನ ಮುಖ ನೋಡಿದಳು. ನನ್ನ ಸಿಟ್ಟು ಮುಖದ ಮೇಲೇ ಇತ್ತು. ಅವತ್ತು ಮೂರ್ನಾಲ್ಕು ಸಲ ಹಿಡಿದೆವು. ಪ್ರತಿ ಸಲವೂ ಬೋರಲು ಬಿದ್ದೆ, ಪ್ರತಿ ಸಲವೂ ಅವಳು ಬೆನ್ನೇರಿದಳು.

ಕೊನೆಗೆ ನೀರು ಕುಡಿಯುವಾಗ ಆ ಹುಡುಗಿಯ ಪ್ರಶ್ನೆಯನ್ನು ಕೋಚಿಗೆ ಹೇಳಿದೆ. ಅವಳ ಮುಖದಲ್ಲಿ ನಗು ಹೋಯಿತು. "ಹಾಗಾದ್ರೆ ನೀವು ಕಲಿಯಬೇಕಾದ್ದು ಒಂದೇ ಪಟ್ಟು. ಪರೀಕ್ಷೆಲೂ ಅದನ್ನೇ ಕೇಳ್ತಾರೆ" ಎಂದಳು.

ಅದಕ್ಕೆ ತ್ರಿಕೋನದ ಪಟ್ಟು ಎನ್ನುತ್ತಾರೆ. ನಾವು ಅಂಗಾತ ಬಿದ್ದಿರುತ್ತೇವೆ, ಎದುರಾಳಿ ನಮ್ಮ ಎರಡು ಕಾಲುಗಳ ನಡುವೆ ಮಂಡಿಯೂರಿ ಮೇಲೆ ಬಂದಿರುತ್ತಾಳೆ. ಅವಳ ಎರಡೂ ಮಣಿಕಟ್ಟು ಹಿಡಿಯಬೇಕು. ಒಂದು ಕೈಯನ್ನು ಅವಳ ಹೊಟ್ಟೆಯ ಕಡೆಗೆ ನೂಕಬೇಕು, ಇನ್ನೊಂದನ್ನು ನಮ್ಮ ಎದೆಗೆ ಎಳೆದುಕೊಳ್ಳಬೇಕು. ನೂಕಿದ ಕಡೆಯಿಂದ ನಮ್ಮ ಕಾಲು ಅವಳ ಹೆಗಲೇರಿ ಕತ್ತಿನ ಹಿಂದೆ ಅಡ್ಡ ಬೀಳಬೇಕು. ಆಗ ಅವಳ ತಲೆ ಮತ್ತು ಒಂದು ತೋಳು ನಮ್ಮ ಕಾಲುಗಳ ಒಳಗೆ ಉಳಿಯುತ್ತವೆ, ಇನ್ನೊಂದು ತೋಳು ಹೊರಗೆ. ಅಡ್ಡ ಬಿದ್ದ ಕಾಲಿನ ಪಾದವನ್ನು ಇನ್ನೊಂದು ಕಾಲಿನ ಮಂಡಿಯ ಹಿಂದಿನ ಮಡಿಕೆಗೆ ಸಿಕ್ಕಿಸಿ ಬೀಗ ಹಾಕಬೇಕು. ಕತ್ತಿನ ಒಂದು ಬದಿಗೆ ನಮ್ಮ ತೊಡೆ, ಇನ್ನೊಂದು ಬದಿಗೆ ಅವಳದೇ ಹೆಗಲು. ತಲೆಯನ್ನು ಕೆಳಕ್ಕೆ ಎಳೆದುಕೊಂಡು ತೊಡೆ ಬಿಗಿದರೆ ಮುಗಿಯಿತು.

ಹೇಳುವುದಕ್ಕೆ ಇಷ್ಟೇ. ಮೊದಲ ದಿನ ಆ ಭಂಗಿ ನೋಡಿಯೇ ನನಗೆ ಮುಖ ಬೆಂಕಿಯಾಯಿತು. ಕಾಲು ಸೇರಿಸಿ ಕೂತ್ಕೊ, ಸೆರಗು ಸರಿ ಮಾಡ್ಕೊ ಎಂದು ಕೇಳಿಸಿಕೊಂಡು ಬೆಳೆದವಳು ಅಂಗಾತ ಬಿದ್ದು ಕಾಲು ಎತ್ತಬೇಕು! ನನಗೆ ಜೊತೆಯಾಗಿ ಸಿಕ್ಕಿದ್ದವರು ಪಿರಿಯಾಪಟ್ಟಣ ಬಸ್ ಡಿಪೋದ ಒಬ್ಬರು ಕಂಡಕ್ಟರಮ್ಮ, ನನಗಿಂತ ಹಿರಿಯರು. ನಾನು ಹಿಂದೆಮುಂದೆ ನೋಡುವುದನ್ನು ಕಂಡು ಮಂಡಿಯೂರಿ ಎದುರಿಗೆ ಬಂದು ಕೂತರು.

"ಏಯ್ ಪೈಲ್ವಾನಕ್ಕ, ಸಂತೆ ದಿನ ನನ್ ಬಸ್ಸತ್ತಿ ನೋಡು. ಒಬ್ರ್ ಕಂಕುಳಲ್ಲಿ ಒಬ್ರ್ ತಲೆ ಇರ್ತದೆ. ಅದ್ಕಿಂತ ಇದೇನ್ ಹೆಚ್ಚು? ಎತ್ತು ಕಾಲ!"

ನಕ್ಕೆ. ನಕ್ಕ ಮೇಲೆ ಕಾಲು ಎದ್ದಿತು.

ನಾಚಿಕೆ ಹೋದರೂ ಪಟ್ಟು ಬೀಳಲಿಲ್ಲ. ಬಸ್ಕಿ ಹೊಡೆದೂ ಹೊಡೆದೂ ನನ್ನ ತೊಡೆಗಳು ಒನಕೆಗಿಂತ ದಪ್ಪ, ಕಾಲು ಗಿಡ್ಡ. ಬೀಗ ಹಾಕಲು ಹೋದರೆ ಪಾದ ಮಂಡಿಯ ಹಿಂದಕ್ಕೆ ತಲುಪುತ್ತಲೇ ಇರಲಿಲ್ಲ. ಹಟಕ್ಕೆ ಬಿದ್ದು ಬಲ ಹಾಕಿದರೆ ನನ್ನ ಮಂಡಿಯೇ ಚುರುಗುಟ್ಟುತ್ತಿತ್ತು, ಕಂಡಕ್ಟರಮ್ಮ ಕಾಲುಗಳ ನಡುವಿನಿಂದ "ಸೆಕೆ ಆಯ್ತದೆ ಕಣಕ್ಕ, ಕಿಟ್ಕಿ ತಗಿ" ಎನ್ನುತ್ತಿದ್ದರು. ತಟ್ಟುತ್ತಿರಲಿಲ್ಲ. ಕೋಚು ಪಕ್ಕದಲ್ಲಿ ಕೂತು ನೋಡಿ ನೋಡಿ ಒಂದು ದಿನ ಹೇಳಿದಳು: "ಅಕ್ಕ, ಈಗ ನಿಮಗೆ ಅವರ ಮುಖ ಕಾಣ್ತಿದೆಯಲ್ಲ? ಅದೇ ತಪ್ಪು. ಕಿವಿ ಕಾಣಬೇಕು."

ನೇರವಾಗಿ ಬಿದ್ದಲ್ಲಿಯೇ ಕಾಲು ಬಿಗಿಯುವುದಲ್ಲ. ಒಂದು ಪಾದ ಅವಳ ಸೊಂಟಕ್ಕೆ ಕೊಟ್ಟು, ನಮ್ಮ ಸೊಂಟವನ್ನು ನೆಲದ ಮೇಲೆ ಓರೆಯಾಗಿ ಜಾರಿಸಿಕೊಳ್ಳಬೇಕು. ಗಡಿಯಾರದ ಮುಳ್ಳು ಸರಿದ ಹಾಗೆ ಮೈ ಸರಿದು ಅವಳ ಕಿವಿ ಎದುರಿಗೆ ಬಂದಾಗ ಗಿಡ್ಡ ಕಾಲಿಗೂ ಜಾಗ ಸಿಗುತ್ತದೆ. ಹಾಗೆ ಸರಿದೆ. ಪಾದ ಮಡಿಕೆಗೆ ಟಕ್ಕನೆ ಕೂತಿತು. ಇನ್ನೂ ಬಿಗಿದೇ ಇರಲಿಲ್ಲ, ಕಂಡಕ್ಟರಮ್ಮ ನನ್ನ ತೊಡೆಗೆ ಪಟಪಟ ತಟ್ಟಿದರು. ಬಿಟ್ಟೆ. ಕತ್ತು ಸವರಿಕೊಳ್ಳುತ್ತಾ, "ಲೇ ಇವಳಾ! ಇನ್ಮುಂದೆ ನಿನ್ನತ್ರ ಟಿಕೆಟ್ ಕೇಳಕ್ಕೂ ಎದ್ರಬೇಕು" ಎಂದರು. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಆದರೆ ಅದು ಸುಮ್ಮನೆ ಕೂತು ಕೊಟ್ಟ ಕತ್ತು. ನಿಜವಾಗಿ ಸೆಣಸಾಡುವಾಗ, ಎದುರಿನವರು ನನ್ನ ಭುಜ ಹಿಡಿದು ನೆಲಕ್ಕೆ ಒತ್ತಿದ ಕೂಡಲೇ, ಬೆನ್ನಿಗೆ ಮ್ಯಾಟಿನ ತಂಪು ತಾಗಿದ ಕೂಡಲೇ, ಕಲಿತದ್ದೆಲ್ಲ ಮರೆತು ಬೋರಲಾಗಿಬಿಡುತ್ತಿದ್ದೆ. ಬೀಗ ಹಾಕಲು ಎರಡು ಉಸಿರಿನ ಹೊತ್ತು ಬೆನ್ನ ಮೇಲೆ ಇರಬೇಕು. ಅಷ್ಟು ಹೊತ್ತು ಇರಲಾಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಂತೆ ಅದು ಹೆಚ್ಚಾಯಿತು. ಕೋಚು ಬಯ್ಯಲಿಲ್ಲ. "ನಿಮಗೆ ಪಟ್ಟು ಬರ್ತದೆ ಅಕ್ಕ. ನಿಮ್ಮ ಬೆನ್ನಿಗೆ ಬರ್ತಾ ಇಲ್ಲ" ಎಂದಳು. ಅವಳು ಬಯ್ದಿದ್ದರೇ ಚೆನ್ನಾಗಿತ್ತು.

ಅದೇ ದಿನಗಳಲ್ಲಿ ಒಂದು ಸಂಜೆ ಅಪ್ಪ ಹೇಳದೆ ಕೇಳದೆ ಬಂದುಬಿಟ್ಟ. ಹುಣಸೂರಿನಲ್ಲಿ ಏನೋ ಕೆಲಸವಿತ್ತಂತೆ, ನನಗೆ ಅಕ್ಕಿ, ಸೊಪ್ಪು ತಂದಿದ್ದ. ಮಗಳು ಏನೋ ಹೊಸ ಕುಸ್ತಿ ಕಲಿಯುತ್ತಿದ್ದಾಳೆ ಎಂದಷ್ಟೇ ಅವನಿಗೆ ಗೊತ್ತು. ಕೇಳಿಕೊಂಡು ಗೋಡೌನಿನ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಾಗ ನಾನು ಅಂಗಾತ ಬಿದ್ದಿದ್ದೆ, ಕಂಡಕ್ಟರಮ್ಮನ ತಲೆ ನನ್ನ ತೊಡೆಗಳ ನಡುವೆ ಇತ್ತು. ತಲೆಕೆಳಗಾಗಿ ಅಪ್ಪನ ಮುಖ ಕಂಡಿತು. ಚೀಲಗಳನ್ನು ಮೆಲ್ಲಗೆ ಬಾಗಿಲ ಬಳಿ ಇಟ್ಟ, ಮುಖ ಆಚೆ ತಿರುಗಿಸಿದ, ಇಳಿದು ಹೋದ.

ಬಿಳಿ ಅಂಗಿಯಲ್ಲೇ, ಬರಿಗಾಲಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ಕೆ.ಆರ್. ನಗರದ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ಜನ ನನ್ನ ವೇಷ ನೋಡುತ್ತಿದ್ದರು. ಅಪ್ಪ ನೋಡಲಿಲ್ಲ.

"ಏನ್ ಮಗಾ ಅದು?" ಎಂದ.

"ಪಟ್ಟು ಕಣಪ್ಪಾ."

"ಪಟ್ಟು ಅಂದ್ರೆ ಕೆಡವಾದು. ಬಿದ್ದಿದ್ದೋಳು ನೀನು." ಟವೆಲನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದ. "ನಿನ್ ಬೆನ್ನಿಗೆ ಮಣ್ಣಂಟದಂಗೆ ನೋಡ್ಕಂಡು ಬಂದೆ. ಇದ್ಕೇಯಾ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನನ್ನ ದನಿ ಏರುತ್ತದೆ. "ಅಪ್ಪಾ, ನಾನು ಬಿದ್ರೆ ನೀನು ಓಡಿ ಬತ್ತಿದ್ದೆ. ಕೆಡವ್ದೋಳೂ ಕೈ ಕೊಟ್ಟು ಏಳಿಸ್ತಿದ್ಲು. ನಮ್ ಸ್ಕೂಲ್ ಹುಡ್ಗಿ ಒಬ್ಳು ಕೇಳ್ತಾಳೆ, ಬಿದ್ಮೇಲೆ ಏನ್ ಮಾಡಾದು ಅಂತ. ಅವಳ್ನ ಯಾವನಾರ ಕೆಡವ್ದ ಅನ್ಕೋ. ಅವ್ನು ಎದ್ದು ಕೈ ಕೊಡ್ತಾನಾ? ಅಲ್ಲಿ ನೀನಿರ್ತೀಯಾ, ಓಡಿ ಬರಕ್ಕೆ? ನಮ್ ಕುಸ್ತಿ ಮುಗಿಯೋ ಜಾಗ್ದಲ್ಲೇ ಅಲ್ವಾ ಅವಳ್ದು ಶುರುವಾಗಾದು?"

ಅಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತ. "ಗದ್ದೆಗೆ ನೀರ್ ಬುಟ್ ಬಂದಿವ್ನಿ, ಬತ್ತೀನಿ" ಎಂದ. ಬಸ್ಸು ಹೋಯಿತು. ಅಪ್ಪನಿಗೆ ಇನ್ನು ನನ್ನ ಮೇಲೆ ಮನಸ್ಸು ಮುರಿಯಿತು ಎಂದುಕೊಂಡು, ಕಾಲಿಗೆ ಚುಚ್ಚುವ ಜಲ್ಲಿಯ ಮೇಲೆ ನಡೆದುಕೊಂಡು ಬಂದೆ.

ಆ ವಾರ ಕ್ಲಾಸಿಗೆ ಹೋದೆನಾದರೂ ಮೈ ಬಗ್ಗಲಿಲ್ಲ. ಹೆಡ್ ಮಿಸ್ಸಿಗೆ ಆಗುವುದಿಲ್ಲ ಎಂದು ಹೇಳಿಬಿಡೋಣ ಎಂದು ಎರಡು ಸಲ ಅವರ ಕೋಣೆಯ ಬಾಗಿಲವರೆಗೂ ಹೋಗಿ ಬಂದೆ. ಶನಿವಾರ ಅವ್ವನ ಫೋನು.

"ನಾಳಿಕ್ ಬಂದು ಓಗವ್ವ. ನಿಮ್ಮಪ್ಪ ಮೂರ್ ದಿನದಿಂದ ಗೋಣಿಚೀಲಕ್ಕೆ ತೋಳು ಒಲೀತಾ ಕುಂತವ್ರೆ. ನಂಗ್ಯಾಕೋ ದಿಗ್ಲಾಯ್ತದೆ."

ಭಾನುವಾರ ಹೋದೆ. ಕೊಟ್ಟಿಗೆಯ ಹಿಂದಿನ ಮಟ್ಟಿಯನ್ನು ಅಪ್ಪ ಹೊಸದಾಗಿ ಅಗೆದು ಹದ ಮಾಡಿದ್ದ. ವರ್ಷಗಳ ಮೇಲೆ ಆ ಎಣ್ಣೆ, ಮಜ್ಜಿಗೆಯ ವಾಸನೆ ಮೂಗಿಗೆ ಬಡಿಯಿತು. ಅಂಚಿನಲ್ಲಿ ಒಬ್ಬ ಆಸಾಮಿ ಕೂತಿದ್ದ. ಗೋಣಿಯ ಮೈ, ಒಳಗೆ ಭತ್ತದ ಹೊಟ್ಟು, ತೂಕಕ್ಕೆ ಹೊಟ್ಟೆಯಲ್ಲಿ ಮಣ್ಣು. ಬಿದಿರು ಇಟ್ಟು ಸುತ್ತಿದ ಎರಡು ತೋಳು. ತಲೆಗೆ ತೆಂಗಿನ ನಾರು ತುರುಕಿ, ಕತ್ತಿಗೆ ಹಗ್ಗ ಬಿಗಿದಿತ್ತು. ಗದ್ದೆಗೆ ನಿಲ್ಲಿಸುವ ಬೆದರುಬೊಂಬೆಗೂ ಅಪ್ಪ ಇಷ್ಟು ಮುತುವರ್ಜಿ ಮಾಡಿದವನಲ್ಲ.

"ಮನುಷ್ಯರ ತಲೆ ಅಂಗೆ ಇಟ್ಕಂಡು ನಂಗೆ ತೋರಿಸ್ಬ್ಯಾಡ. ಇವನ್ ತಲೆ ಇಟ್ಕೊ" ಎಂದ, ನನ್ನ ಕಡೆ ನೋಡದೆ. "ಆ ಹುಡ್ಗಿಗೆ ಏನೋ ಏಳ್ಕೊಡ್ಬೇಕು ಅಂದ್ಯಲ್ಲ. ಅದೇನ್ ತೋರ್ಸು."

ಮಟ್ಟಿಗಿಳಿದು ಅಂಗಾತ ಮಲಗಿದೆ. ಆ ಮಣ್ಣಿನಲ್ಲಿ ನಾನಾಗಿ ನಾನೇ ಬೆನ್ನು ಕೊಟ್ಟು ಮಲಗಿದ್ದು ಅದೇ ಮೊದಲು. ತಂಪು ಮಣ್ಣು ಅಂಗಿಯೊಳಗಿಂದ ತಾಗಿ ಮೈ ಜುಮ್ಮೆಂದಿತು. ಅಪ್ಪ ಗೋಣಿ ಪೈಲ್ವಾನನನ್ನು ಎತ್ತಿ ನನ್ನ ಮೇಲೆ ಕೆಡವಿದ. ತೋಳು ಹಿಡಿದೆ, ನೂಕಿದೆ, ಕಾಲು ಎತ್ತಿದೆ. ಅಪ್ಪ ಮೇಲಿನಿಂದ ಗೋಣಿಗೆ ಭಾರ ಕೊಟ್ಟು ಒತ್ತಿದವನು ಅಭ್ಯಾಸಬಲದಿಂದ ಕೂಗಿಬಿಟ್ಟ.

"ಬೆನ್ನು!"

ಕಣ್ಣು ಮಿಟುಕಿಸುವುದರೊಳಗೆ ನಾನು ಬೋರಲು ಬಿದ್ದಿದ್ದೆ, ಬಾಯೊಳಗೆಲ್ಲ ಮಣ್ಣು. ಗೋಣಿ ನನ್ನ ಬೆನ್ನ ಮೇಲೆ ಸವಾರಿ ಮಾಡುತ್ತಿತ್ತು.

ಉಗುಳುತ್ತಾ ಎದ್ದು ಕೂತೆ. ಅಪ್ಪ ಮಂಡಿ ಹಿಡಿದುಕೊಂಡು ಅಂಚಿನಲ್ಲಿ ಕೂತುಬಿಟ್ಟಿದ್ದ. ಅವನ ಮುಖ ನೋಡಿ ನನಗೆ ಪಾಪ ಎನ್ನಿಸಿತು.

"ನಾನ್ ಕೂಗಿದ್ಕೆ ತಿರುಗ್ಬುಟ್ಟೆ ಅಲ್ವಾ ನೀನು?"

"ಇಲ್ದೇ ಇದ್ರೂ ತಿರುಗ್ತೀನಪ್ಪ. ನೀನು ಅಲ್ಲೂ ಕೂಗ್ತಿರ್ತೀಯ, ನನ್ ತಲೇಲಿ."

ಅಪ್ಪ ಒಂದು ಹಿಡಿ ಮಣ್ಣೆತ್ತಿ ಕೈಯಲ್ಲಿ ಪುಡಿ ಮಾಡಿದ. "ಅಂಗಾರೆ ಅದ್ನ ನಾನೇ ಬುಡಿಸ್ಬೇಕು. ಬ್ಯಾರೆಯೋರ್ ಕೈಲಾಗಲ್ಲ. ಮಲಿಕ್ಕೊ" ಎಂದ.

ಮತ್ತೆ ಮಲಗಿದೆ. ಗೋಣಿ ಮತ್ತೆ ಮೇಲೆ ಬಿತ್ತು. ಅಪ್ಪ ಒತ್ತಿದ. ನನ್ನ ಹೆಗಲು ತಿರುಗಲು ಹೊರಟಿತು.

"ಇರು!" ಎಂದ. ಅದೇ ಗಂಟಲು, ಅದೇ ಜೋರು. "ಇರು ಮಗಾ. ಅಲ್ಲೇ ಇರು."

ಒಂದು ಉಸಿರು ಇದ್ದೆ, ಆಮೇಲೆ ತಿರುಗಿದೆ. ಮತ್ತೆ ಮಲಗಿದೆ. ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಮುದ್ದೆಯವರೆಗೆ ಅದೇ ಕೆಲಸ. ಅಪ್ಪನ ದನಿ ಬಿದ್ದುಹೋಯಿತು. ಗೋಣಿ ಪೈಲ್ವಾನನ ಒಂದು ತೋಳು ಕಿತ್ತು ಬಂತು. ಆದರೆ ಹೊತ್ತು ನೆತ್ತಿಗೇರುವಷ್ಟರಲ್ಲಿ ಒಂದು ಸಲ ಸೊಂಟ ತಾನಾಗಿ ಓರೆಗೆ ಸರಿದು, ಗೋಣಿಯ ಕಿವಿ ಇರಬೇಕಾದ ಜಾಗ ನನ್ನ ಕಣ್ಣೆದುರು ಬಂದು, ಬೀಗ ಬಿತ್ತು. ಕತ್ತಿನ ಹಗ್ಗ ಬಿಚ್ಚಿ ತೆಂಗಿನ ನಾರು ಹೊರಗೆ ಬಂತು. ಅಪ್ಪ ತಾನೇ ಮಟ್ಟಿಯ ಅಂಚಿಗೆ ಎರಡು ಸಲ ತಟ್ಟಿದ. ತಟ್ಟಿದರೆ ಬಿಡಬೇಕು ಎಂದು ಅವನಿಗೆ ಆಗಲೇ ಹೇಳಿದ್ದೆನಲ್ಲ.

ಬಿಸಿನೀರು ತಂದ ಅವ್ವ ನನ್ನ ಬೆನ್ನು ನೋಡಿ ಗಾಬರಿಯಾದಳು. "ಅಯ್ಯೋ, ಯಾರವ್ವ ಇಂಗ್ ಕೆಡವಿದ್ದು ನಿನ್ನ?" ಅಪ್ಪ ಹೆಗಲ ಟವೆಲ್ ತೆಗೆದು ನನ್ನ ಬೆನ್ನು ಒರೆಸಿದ, ಒಂದು ಚೂರೂ ಬಿಡದೆ, ಹಿಂದಿನಂತೆಯೇ. ಮುಂಬಾಗಿಲಿಗೆ ಆಮೇಲೆ ಹೋದೆವು. ಇಷ್ಟೆಲ್ಲ ಮಾಡಿದವನಿಗೂ ಆ ಮಣ್ಣನ್ನು ಬೀದಿಯವರು ನೋಡುವುದು ಬೇಡವಾಗಿತ್ತು. ನಾನೂ ಒರೆಸಿಸಿಕೊಂಡೆ.

ಪರೀಕ್ಷೆಯ ದಿನ ಮೈಸೂರಿನಿಂದ ಬಂದವರು ಒಬ್ಬರೇ, ಕನ್ನಡಕ ಹಾಕಿದ ಮೌನಿ ಹೆಂಗಸು. ನನಗೆ ಎದುರಾಗಿ ಇಟ್ಟದ್ದು ಎಚ್.ಡಿ. ಕೋಟೆಯಿಂದ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರನ್ನು, ನನ್ನಷ್ಟೇ ಗಾತ್ರ, ಕೈ ಕಬ್ಬಿಣ. ಅಪ್ಪ ಬರಲಿಲ್ಲ, ಗದ್ದೆಯಲ್ಲಿ ನಾಟಿ ನಡೆದಿತ್ತು. ನಾನು ಕೆಳಗಿರಬೇಕು, ಅವರು ಮೇಲಿಂದ ಶುರು ಮಾಡಬೇಕು, ಇದು ನಿಯಮ.

ಮೊದಲ ಸುತ್ತಿನಲ್ಲಿ ಅವರು ನನ್ನ ಭುಜ ಒತ್ತಿದ ರಭಸಕ್ಕೆ ಬೋರಲಾಗಿಬಿಟ್ಟೆ. ಬೆನ್ನೇರಿ ಕತ್ತು ಹಿಡಿದರು, ತಟ್ಟಿದೆ. ಮೂಲೆಯಲ್ಲಿದ್ದ ಕಂಡಕ್ಟರಮ್ಮ "ಥೋ" ಎಂದದ್ದು ಕೇಳಿಸಿತು. ಕೋಚು ನೆಲ ನೋಡುತ್ತಿದ್ದಳು. ಕನ್ನಡಕದವರು ಇನ್ನೊಂದು ಅವಕಾಶ ಕೊಟ್ಟರು, ಅಷ್ಟೇ ಉಳಿದದ್ದು.

ಮತ್ತೆ ಅಂಗಾತ ಮಲಗಿದೆ. ಮತ್ತೆ ಭುಜದ ಮೇಲೆ ಆ ಭಾರ. ಮ್ಯಾಟಿನ ತಂಪು. ತಲೆಯೊಳಗೆ ಅಪ್ಪನ ಹಳೆಯ ಕೂಗು ಏಳುವುದರೊಳಗೆ ನಾನೇ ಬಾಯಿಬಿಟ್ಟು "ಇರು" ಅಂದುಕೊಂಡೆ. ಇದ್ದೆ. ಒಂದು ಉಸಿರು. ಅವರ ಬಲಗೈ ನನ್ನ ಕೊರಳ ಪಟ್ಟಿ ಹಿಡಿಯಲು ಬಂತು. ಹಿಡಿದು ಎದೆಗೆ ಎಳೆದುಕೊಂಡೆ. ಅವರ ಎಡಗೈಯನ್ನು ಅವರದೇ ಹೊಟ್ಟೆಯ ಕಡೆಗೆ ನೂಕಿದೆ. ಇನ್ನೊಂದು ಉಸಿರು. ಕಾಲು ಹೆಗಲೇರಿತು. ಅವರಿಗೆ ಗೊತ್ತಾಯಿತು, ನನ್ನನ್ನು ಎತ್ತಿ ಕುಕ್ಕಲು ನೋಡಿದರು. ನನ್ನ ತೂಕ ಮೇಲೆದ್ದು ಬೆನ್ನು ಅರೆಕ್ಷಣ ಮ್ಯಾಟು ಬಿಟ್ಟಿತು. ಅದೊಂದು ತಮಾಷೆ ನೋಡಿ: ಇಷ್ಟು ದಿನ ನೆಲ ಬಿಡಲು ಹಂಬಲಿಸುತ್ತಿದ್ದ ಬೆನ್ನು ಆಗ ನೆಲ ಎಲ್ಲಿ ಎಂದು ಹುಡುಕಿತು. ಸಿಕ್ಕಿತು. ಸೊಂಟ ಓರೆಗೆ ಸರಿಸಿದೆ. ಅವರ ಕಿವಿ ಕಂಡಿತು, ಅದರಲ್ಲೊಂದು ರಂಧ್ರ, ಪರೀಕ್ಷೆಗೆಂದು ಓಲೆ ಬಿಚ್ಚಿಟ್ಟು ಬಂದಿದ್ದರು. ಬೀಗ ಹಾಕಿ ತಲೆ ಎಳೆದುಕೊಂಡೆ. ತೊಡೆಯ ಮೇಲೆ ಎರಡು ಏಟು ಬಿತ್ತು. ಬಿಟ್ಟೆ, ಕೂಡಲೇ. ಅವರ ತಲೆಯ ಕೆಳಗೆ ಕೈ ಕೊಟ್ಟು ಕೂರಿಸಿದೆ.

ಕನ್ನಡಕದವರು ಒಂದೇ ಪ್ರಶ್ನೆ ಕೇಳಿದರು. "ಇದನ್ನೇ ಮೊದಲು ಕಲಿಸ್ತೀರಾ ಮಕ್ಕಳಿಗೆ?"

"ಇಲ್ಲ ಮೇಡಂ. ಮೊದ್ಲು ಹೆದರದೆ ಮಲ್ಗೋದು. ಆಮೇಲೆ ಕಾಲು ಅಡ್ಡ ಇಟ್ಟು ದೂರ ತಳ್ಳಿ, ಎದ್ದು ಓಡೋದು. ಓಡಕ್ಕೆ ಆಗದೇ ಇದ್ದಾಗ ಇದು. ತಟ್ಟಿದ್ರೆ ಬಿಡೋದನ್ನ ಎಲ್ಲಕ್ಕಿಂತ ಮುಂಚೆ."

ಅವರು ತಲೆಯಾಡಿಸಿದರು. ಪೀರಿಯಡ್ ನನ್ನದಾಯಿತು.

ಆ ಪೀರಿಯಡ್ಡಿನ ಮೊದಲ ಪಾಠ ಶಾಲೆಯ ಲಾಂಗ್ ಜಂಪ್ ಗುಂಡಿಯಲ್ಲಿ. ಹಿಂದಿನ ರಾತ್ರಿ ಮಳೆ ಹನಿಸಿ ಕೆಂಪು ಮಣ್ಣು, ಮರಳು ಒದ್ದೆಯಾಗಿತ್ತು. ಅಪ್ಪ ಗೋಣಿ ಪೈಲ್ವಾನನಿಗೆ ಹೊಸ ತೋಳು ಹೊಲಿದು, ತಾನೇ ಹೊತ್ತು ತಂದಿದ್ದ. ಕೆ.ಆರ್. ನಗರದಿಂದ ಹತ್ತಿದ ಬಸ್ಸಿನಲ್ಲಿ ಡ್ಯೂಟಿಯಲ್ಲಿದ್ದವರು ನಮ್ಮ ಕಂಡಕ್ಟರಮ್ಮನೇ. "ನಿಮ್ ಮಗಳು ನನ್ ಕತ್ತು ಇಸುಕ್ದಂಗೆ ಇಸುಕಿಸ್ಕಳಾಕ್ಕೆ ಓಯ್ತಾವ್ನೆ, ಕೂರ್ಲಿ ಬುಡ್ರಿ ಯಜಮಾನ್ರೇ" ಎಂದು ಗೋಣಿ ಪೈಲ್ವಾನನಿಗೂ ಒಂದು ಸೀಟು ಕೊಡಿಸಿದರಂತೆ.

ಹುಡುಗಿಯರು ಗುಂಡಿಯ ಸುತ್ತ ನಿಂತಿದ್ದರು. ಮಲಗಿ ಎಂದೆ. ಯಾರೂ ಮಲಗಲಿಲ್ಲ. ಒಬ್ಬರನ್ನೊಬ್ಬರು ತಳ್ಳಿಕೊಂಡು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಆ ನಗು ನನಗೆ ಚೆನ್ನಾಗಿ ಗೊತ್ತು. ನಾನೇ ಗುಂಡಿಗಿಳಿದು ಅಂಗಾತ ಮಲಗಿ, ಗೋಣಿಯನ್ನು ಮೇಲೆ ಎಳೆದುಕೊಂಡು ಪಟ್ಟು ಹಾಕಿ ತೋರಿಸಿದೆ. ಎದ್ದು ನಿಂತಾಗ ಹೆಗಲಿನಿಂದ ಸೊಂಟದವರೆಗೆ ಅಂಗಿಯ ಹಿಂಭಾಗವೆಲ್ಲ ಕೆಸರು.

ಮೈದಾನದ ಅಂಚಿನಲ್ಲಿದ್ದ ಅಪ್ಪ ಹೆಗಲ ಟವೆಲ್ ತೆಗೆದುಕೊಂಡು ಬೇಗಬೇಗ ಬಂದ. ನಾನು ಅಭ್ಯಾಸದಂತೆ ತಿರುಗಿ ಬೆನ್ನು ಕೊಟ್ಟು ನಿಂತೆ. ಟವೆಲ್ ಬೆನ್ನಿಗೆ ತಾಗಲಿಲ್ಲ. ಹಿಂತಿರುಗಿ ನೋಡಿದರೆ ಅಪ್ಪ ಆ ಹುಡುಗಿಯರನ್ನು ನೋಡುತ್ತಿದ್ದ. ಟವೆಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡ.

"ಇರ್ಲಿ ಬುಡು ಮಗಾ" ಎಂದ. "ಮಕ್ಳು ನೋಡ್ಲಿ."

ವೀರನಹೊಸಹಳ್ಳಿಯ ಹುಡುಗಿ ಸಾಲಿನ ಕೊನೆಯಿಂದ ಮುಂದೆ ಬಂದಳು. ಚಪ್ಪಲಿ ಬಿಟ್ಟು, ಗುಂಡಿಗಿಳಿದು, ನಾನು ಮಲಗಿದ್ದ ಜಾಗದಲ್ಲೇ ಬೆನ್ನು ಕೊಟ್ಟು ಮಲಗಿದಳು.